ಸಹಜ ಅನ್ನುವ ಗೆರೆ ಎಳೆದವರು ಯಾರು? ಸಮುದಾಯದ ಆರೋಗ್ಯವನ್ನು ಕ್ವಿಯರ್ ಕಣ್ಣಿನಿಂದ ನೋಡುವುದು

ಅಮೆರಿಕದ ರಕ್ತನಿಧಿಗಳಲ್ಲಿ 1985ರಿಂದ ಒಂದು ನಿಯಮ ಇತ್ತು. 1977ರ ಆಮೇಲೆ ಒಮ್ಮೆಯಾದರೂ ಇನ್ನೊಬ್ಬ ಗಂಡಸಿನ ಜೊತೆ ಲೈಂಗಿಕ ಸಂಪರ್ಕ ಮಾಡಿದ ಗಂಡಸು ರಕ್ತ ಕೊಡುವಂತಿಲ್ಲ. ಒಂದೇ ಒಂದು ಸಲ, ಅದೂ ಎಷ್ಟೋ ವರ್ಷದ ಹಿಂದೆ ಆಗಿದ್ದರೂ ಅಷ್ಟೇ, ಬಾಗಿಲು ಬಂದ್. ಅದೇ ಸಾಲಿನಲ್ಲಿ ನಿಂತ ಇನ್ನೊಬ್ಬ ಕಳೆದ ತಿಂಗಳಷ್ಟೇ ನಾಲ್ಕಾರು ಹೆಂಗಸರ ಜೊತೆ ಕಾಂಡೋಮ್ ಇಲ್ಲದೆ ಮಲಗಿರಬಹುದು. ಬರೀ ಆ ಕಾರಣಕ್ಕೆ ಅವನನ್ನು ಯಾರೂ ವಾಪಸ್ ಕಳಿಸುತ್ತಿರಲಿಲ್ಲ.

ನಿಯಮ ಮಾಡಿದವರು ಸುಮ್‌ಸುಮ್ನೆ ಹೆದರಿರಲಿಲ್ಲ. ಏಡ್ಸ್ ಆಗಿನ್ನೂ ಹೊಸ ರೋಗ. ರಕ್ತದಲ್ಲಿ ಅದರ ಸುಳಿವು ಹಿಡಿಯುವ ಪರೀಕ್ಷೆ ಬಂದಿದ್ದೇ 1985ರಲ್ಲಿ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆ ಇದ್ದ ಸಾವಿರಾರು ಜನರಿಗೆ ಚಿಕಿತ್ಸೆಗೆಂದು ಕೊಟ್ಟ ರಕ್ತದ ಉತ್ಪನ್ನಗಳಿಂದಲೇ ಸೋಂಕು ತಗುಲಿತ್ತು. ಆದರೆ ಪರೀಕ್ಷೆಗಳು ಸುಧಾರಿಸಿದ ಮೇಲೂ ನಿಯಮ 30 ವರ್ಷ ಜಗ್ಗಲಿಲ್ಲ. 2015ರಲ್ಲಿ ಅದು ಒಂದು ವರ್ಷದ ತಡೆಯಾಯಿತು, 2020ರಲ್ಲಿ ಮೂರು ತಿಂಗಳಿಗೆ ಇಳಿಯಿತು. 2023ರಲ್ಲಿ ಪ್ರಶ್ನೆಯೇ ಬದಲಾಯಿತು. ಗಂಡಾಗಲಿ ಹೆಣ್ಣಾಗಲಿ, ಈಗ ಎಲ್ಲರಿಗೂ ಕೇಳುವುದು ಒಂದೇ: ಕಳೆದ ಮೂರು ತಿಂಗಳಲ್ಲಿ ಹೊಸ ಸಂಗಾತಿ ಇದ್ದರಾ, ಒಬ್ಬರಿಗಿಂತ ಜಾಸ್ತಿ ಇದ್ದರಾ, ಗುದಸಂಭೋಗ ನಡೆದಿತ್ತಾ? ಬ್ರಿಟನ್ ಈ ದಾರಿಗೆ 2021ರಲ್ಲೇ ಬಂದಿತ್ತು.

ಹಳೇ ಫಾರಂ ನೀವು ಯಾವ ಗುಂಪಿನವರು ಅಂತ ಕೇಳುತ್ತಿತ್ತು. ಹೊಸದು ನೀವು ಏನು ಮಾಡಿದಿರಿ ಅಂತ ಕೇಳುತ್ತದೆ. 'ಸಹಜ' ಅನ್ನುವ ಗೆರೆಯನ್ನೇ ಪ್ರಶ್ನಿಸುವ ಕ್ವಿಯರ್ ಥಿಯರಿ ಆರೋಗ್ಯದ ವಿಷಯದಲ್ಲಿ ಹೇಳುವ ಮಾತಿನ ಅರ್ಧ ಭಾಗ ಇಲ್ಲೇ ಇದೆ. ಇನ್ನರ್ಧ ಸ್ವಲ್ಪ ತೊಡಕಿನದು, ಅದಕ್ಕೆ ಆಮೇಲೆ ಬರೋಣ.

ಗೆರೆಯ ಮೇಲೆ ಕಣ್ಣು

ಕ್ವಿಯರ್ ಥಿಯರಿ ಅಂದರೆ ಸಲಿಂಗಿಗಳ ಬಗ್ಗೆ ಇರುವ ಶಾಸ್ತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಅವರು ಅದರಲ್ಲಿ ಬರುತ್ತಾರೆ, ನಿಜ. ಆದರೆ ಅದು ಜಾಸ್ತಿ ಹೊತ್ತು ದಿಟ್ಟಿಸಿ ನೋಡುವುದು 'ಸಹಜ' ಅನ್ನಿಸಿಕೊಂಡದ್ದನ್ನು. ಇದು ಸಹಜ, ಅದು ಅಲ್ಲ ಅಂತ ಗೆರೆ ಎಳೆದವರು ಯಾರು? ಯಾವಾಗ ಎಳೆದರು? ಒಳಗಿದ್ದವರಿಗೆ ಏನು ಸಿಗುತ್ತದೆ, ಹೊರಗೆ ಉಳಿದವರು ಏನು ಕಳೆದುಕೊಳ್ಳುತ್ತಾರೆ? ಮೂಲ ಪ್ರಶ್ನೆಗಳು ಇಷ್ಟೇ. ಭಾರೀ ಭಾರೀ ಪದಗಳೆಲ್ಲ ಇವುಗಳ ಸುತ್ತ ಆಮೇಲೆ ಬೆಳೆದವು.

ಫ್ರೆಂಚ್ ಚಿಂತಕ ಮಿಶೆಲ್ ಫುಕೋ 1976ರಲ್ಲಿ ಒಂದು ಮಾತು ಎತ್ತಿದರು. ಹಿಂದೆ ಯುರೋಪಿನ ಚರ್ಚು, ಕಾನೂನು ಎರಡೂ ಗಂಡಸರಿಬ್ಬರ ಕೂಟವನ್ನು ಪಾಪ ಅಥವಾ ಅಪರಾಧ ಅಂತ ನೋಡುತ್ತಿದ್ದವು. ಯಾರು ಬೇಕಾದರೂ ಎಡವಿಬಿಡಬಹುದಾದ ತಪ್ಪು ಅದು. 19ನೇ ಶತಮಾನದ ವೈದ್ಯರು ಬಂದು, ಅದನ್ನು ಮಾಡುವವನೇ ಬೇರೆ ತಳಿಯ ಮನುಷ್ಯ ಎಂದರು. ಅವನ ಬಾಲ್ಯ, ಮೈಕಟ್ಟು, ಸ್ವಭಾವ, ಎಲ್ಲದರಲ್ಲೂ ಅದರ ಗುರುತು ಹುಡುಕಿದರು. ಯಾವತ್ತೋ ಮಾಡಿದ್ದು ಇಡೀ ಮನುಷ್ಯನ ಗುರುತಾಯಿತು. ರಕ್ತನಿಧಿಯ ಹಳೇ ಫಾರಂ ಈ ಯೋಚನೆಯ ಮೊಮ್ಮಗು ಅನ್ನಬಹುದು.

1990ರ ಆಸುಪಾಸಿನಲ್ಲಿ ಈ ವಿಚಾರಗಳಿಗೆ ಒಂದು ಹೆಸರು ಬಂತು. ಆ ವರ್ಷ ಕ್ಯಾಲಿಫೋರ್ನಿಯಾದಲ್ಲಿ ನಡೆದ ಒಂದು ವಿಚಾರ ಸಂಕಿರಣಕ್ಕೆ ತೆರೇಸಾ ಡಿ ಲಾರೆಟಿಸ್ 'ಕ್ವಿಯರ್ ಥಿಯರಿ' ಎಂದು ಹೆಸರಿಟ್ಟರು. ಅದೇ ವರ್ಷ ಜುಡಿತ್ ಬಟ್ಲರ್, ಹೆಣ್ಣುತನ ಗಂಡಸುತನ ಎರಡೂ ಒಳಗಿಂದ ಉಕ್ಕಿ ಬರುವಂಥವಲ್ಲ, ದಿನಾ ಮಾಡಿ ಮಾಡಿ ಗಟ್ಟಿಯಾಗುವಂಥವು ಎಂದು ವಾದಿಸಿದರು. ಈವ್ ಸೆಡ್ಜ್‌ವಿಕ್, ಗುಟ್ಟು ಬಿಟ್ಟುಕೊಡುವುದು ಒಂದು ದಿನದ ಕೆಲಸ ಅಲ್ಲ, ಹೊಸಬರು ಎದುರಾದಾಗಲೆಲ್ಲ ಗುಟ್ಟು ಮತ್ತೆ ಹುಟ್ಟುತ್ತದೆ ಎಂದು ತೋರಿಸಿದರು. ಗಂಡು–ಹೆಣ್ಣಿನ ಜೋಡಿಯನ್ನೇ ಅಳತೆಗೋಲು ಮಾಡಿಕೊಂಡು ಇಡೀ ಸಮಾಜ ಕಟ್ಟಿರುವುದಕ್ಕೆ ಮೈಕಲ್ ವಾರ್ನರ್ 1991ರಲ್ಲಿ 'ಹೆಟೆರೊನಾರ್ಮಟಿವಿಟಿ' ಅನ್ನುವ ಪದ ಬಳಸಿದರು.

ನನಗೆ ಇವರೆಲ್ಲರಿಗಿಂತ ಆರೋಗ್ಯದ ಕೆಲಸಕ್ಕೆ ಹತ್ತಿರ ಅನ್ನಿಸುವುದು ಕ್ಯಾಥಿ ಕೋಹೆನ್. ಅವರು 1997ರಲ್ಲಿ ಬರೆದದ್ದು ಇದು: ಗೆರೆಯ ಹೊರಗೆ ಸಲಿಂಗಿಗಳು ಮಾತ್ರ ಇಲ್ಲ. ಸರ್ಕಾರದ ನೆರವು ಪಡೆದು ಒಬ್ಬಳೇ ಮಕ್ಕಳನ್ನು ಸಾಕುವ ಬಡ ಕಪ್ಪು ತಾಯಿಯೂ ಇದ್ದಾಳೆ. ಅವಳು ಮಲಗಿದ್ದು ಗಂಡಸಿನ ಜೊತೆಯೇ ಇರಬಹುದು, ಆದರೂ ಅವಳ ಸಂಸಾರವನ್ನು ಯಾರೂ ಸಹಜ ಅನ್ನುವುದಿಲ್ಲ. ಹಾಗೆ ನೋಡಿದರೆ ವೃದ್ಧಾಶ್ರಮದಲ್ಲಿ ಸಂಗಾತಿ ಬೇಕು ಅನ್ನುವ 75ರ ಅಜ್ಜಿ, ಗಾಲಿಕುರ್ಚಿಯಲ್ಲಿ ಕೂತು ಕಾಂಡೋಮ್ ಕೇಳುವ ಹುಡುಗ, ಮಕ್ಕಳೇ ಬೇಡ ಅನ್ನುವ ದಂಪತಿ, ಇವರೂ ಗೆರೆಯ ಆಚೀಚೆ ಓಡಾಡುವವರೇ ಅಲ್ವಾ?

ಇನ್ನೊಂದು ಕಡೆಯ ಹೆಸರು: ಸಮುದಾಯ ಆರೋಗ್ಯ ಮನೋವಿಜ್ಞಾನ

ಆರೋಗ್ಯ ಮನೋವಿಜ್ಞಾನ ಅನ್ನುವುದು ಸಾಮಾನ್ಯವಾಗಿ ಒಬ್ಬೊಬ್ಬರನ್ನೇ ನೋಡುತ್ತದೆ. ಇವರಿಗೆ ಮಾಹಿತಿ ಇದೆಯಾ, ಮನಸ್ಸು ಮಾಡಿದ್ದಾರಾ, ಸಿಗರೇಟು ಬಿಡುತ್ತೇನೆ ಅನ್ನುವ ಧೈರ್ಯ ಇದೆಯಾ? ಇಲ್ಲದಿದ್ದರೆ ಮಾಹಿತಿ ಕೊಡು, ಧೈರ್ಯ ತುಂಬು. ಸಮುದಾಯ ಆರೋಗ್ಯ ಮನೋವಿಜ್ಞಾನ ಇದಕ್ಕೆ ಒಪ್ಪುವುದಿಲ್ಲ. ಜನ ಬದುಕುವ ಜಾಗ, ಅವರ ಕೆಲಸ, ಅವರ ಮೇಲೆ ಯಾರ ಕೈ ಇದೆ, ಅವರ ಮಾತು ಎಲ್ಲಿವರೆಗೆ ನಡೆಯುತ್ತದೆ, ಇದೆಲ್ಲ ಬದಲಾಗದೆ ನಡವಳಿಕೆ ಬದಲಾಗದು ಅನ್ನುವುದು ಅದರ ನಿಲುವು. ಇದರ ಬೇರುಗಳಲ್ಲಿ ಒಂದು 1965ರಲ್ಲಿ ಅಮೆರಿಕದ ಸ್ವಾಂಪ್‌ಸ್ಕಾಟ್‌ನಲ್ಲಿ ಶುರುವಾದ ಸಮುದಾಯ ಮನೋವಿಜ್ಞಾನ. ಇನ್ನೊಂದು, ತಮ್ಮ ಕಷ್ಟದ ಕಾರಣವನ್ನು ಜನ ತಾವೇ ಕೂಡಿ ಯೋಚಿಸಿ ಕಂಡುಕೊಳ್ಳಬೇಕು ಎಂದ ಬ್ರೆಜಿಲ್‌ನ ಪಾವ್ಲೊ ಫ್ರೇರೆ ಅವರ ವಿಚಾರ.

ಇವೆರಡೂ ಒಳ್ಳೆಯ ಜೋಡಿ ಅನ್ನಿಸುತ್ತದೆ. ಒಂದು ಗೆರೆಯನ್ನು ಪ್ರಶ್ನಿಸುತ್ತದೆ, ಇನ್ನೊಂದು ಗೆರೆಯ ಹೊರಗಿನವರ ಜೊತೆ ಕೂತು ಕೆಲಸ ಮಾಡುತ್ತದೆ. ಆದರೆ ಇವೆರಡರ ನಡುವೆ ಜಗಳವೂ ಇದೆ. ಕೆಲಸ ಮಾಡಬೇಕಾದರೆ 'ಇದು ನಮ್ಮ ಸಮುದಾಯ' ಅಂತ ಒಂದು ಹೆಸರು ಬೇಕು, ತಲೆ ಎಣಿಸಬೇಕು, ಹಣ ಕೇಳಬೇಕು. ಕ್ವಿಯರ್ ಥಿಯರಿಗೆ ಆ ಹೆಸರಿನ ಮೇಲೇ ಅನುಮಾನ. ಮೇಲೆ ಹೇಳಿದ ತೊಡಕಿನ ಅರ್ಧ ಇದೇ.

ಡಾಕ್ಟರ ಕೋಣೆಯಲ್ಲಿ

ಮೊದಲು ಒಂದು ಚಿಕ್ಕ ಜಾಗಕ್ಕೆ ಹೋಗೋಣ. ಹೀಗೊಂದು ಮಾತುಕತೆ ಊಹಿಸಿಕೊಳ್ಳಿ.

"ಗರ್ಭ ನಿಲ್ಲದ ಹಾಗೆ ಏನು ಬಳಸ್ತೀರಿ?"
"ಏನೂ ಇಲ್ಲ ಡಾಕ್ಟ್ರೇ."
"ಓ, ಮಗು ಬೇಕು ಅಂತಿದ್ದೀರಾ?"
"ಇಲ್ಲ."
"ಮತ್ತೆ?"

ಈ 'ಮತ್ತೆ' ಬಂದಾಗ ಆ ಹೆಂಗಸಿನ ಮುಂದೆ ಎರಡೇ ದಾರಿ. ನನ್ನ ಸಂಗಾತಿ ಹೆಣ್ಣು ಅಂತ ಹೇಳಬೇಕು, ಇಲ್ಲ ಏನೋ ಒಂದು ಸುಳ್ಳು ಹೇಳಿ ಪಾರಾಗಬೇಕು. ಡಾಕ್ಟರು ಕೆಟ್ಟವರೇನಲ್ಲ, ಅವರು ಬೈಯಲೂ ಇಲ್ಲ. ಆದರೂ ಎರಡು ನಿಮಿಷ ಮೊದಲು ಇಲ್ಲದಿದ್ದ ಗುಟ್ಟು ಆ ಪ್ರಶ್ನೆಯಿಂದ ಹುಟ್ಟಿತು. ಸೆಡ್ಜ್‌ವಿಕ್ ಹೇಳಿದ್ದು ಇದನ್ನೇ. ಇವತ್ತು ಹೇಳಿದರೂ ಮುಂದಿನ ಸಲ ಬೇರೆ ಡಾಕ್ಟರು ಇರುತ್ತಾರೆ, ಸ್ಕ್ಯಾನಿಂಗ್ ಕೋಣೆಯಲ್ಲಿ ಇನ್ನೊಬ್ಬರು, ಚೀಟಿ ಬರೆಯುವ ಕೌಂಟರಿನಲ್ಲಿ ಮತ್ತೊಬ್ಬರು. ಕೊನೆಗೆ ಬೇಜಾರಾಗಿ ಆಸ್ಪತ್ರೆಗೆ ಹೋಗುವುದನ್ನೇ ಮುಂದೂಡುತ್ತಾರೆ. ಇದರ ಜೊತೆಗೆ ಹೆಂಗಸರ ಜೊತೆ ಮಾತ್ರ ಸಂಬಂಧ ಇರುವ ಹೆಂಗಸಿಗೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಬೇಡ ಅನ್ನುವ ತಪ್ಪು ಸಲಹೆಯನ್ನು ಕೆಲವು ವೈದ್ಯರೇ ಕೊಟ್ಟಿದ್ದಾರೆ. ಆ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ ಚರ್ಮದಿಂದ ಚರ್ಮಕ್ಕೆ ದಾಟುತ್ತದೆ, ಅದು ಗಂಡು ಹೆಣ್ಣು ನೋಡುವುದಿಲ್ಲ.

ಕಂಪ್ಯೂಟರಿಗೂ ಇದೇ ರೋಗ ಇದೆ. ಇಂಗ್ಲೆಂಡಿನಲ್ಲಿ ಈ ತಪಾಸಣೆಗೆ ಬನ್ನಿ ಅಂತ ಮನೆಗೆ ಪತ್ರ ಬರುತ್ತದೆ. ಯಾರಿಗೆ ಕಳಿಸಬೇಕು ಅನ್ನುವುದು ದಾಖಲೆಯಲ್ಲಿ ಗಂಡು ಎಂದಿದೆಯೋ ಹೆಣ್ಣು ಎಂದಿದೆಯೋ ನೋಡಿ ತಾನಾಗಿ ತೀರ್ಮಾನವಾಗುವ ವ್ಯವಸ್ಥೆ. ಹೆಣ್ಣು ಮಗುವೆಂದು ಬರೆಸಿಕೊಂಡು ಹುಟ್ಟಿ ಈಗ ಗಂಡಸಾಗಿ ಬದುಕುತ್ತಿರುವ ಟ್ರಾನ್ಸ್ ವ್ಯಕ್ತಿ ದಾಖಲೆ ತಿದ್ದಿಸಿಕೊಂಡರೆ, ಗರ್ಭಕೊರಳು ದೇಹದಲ್ಲೇ ಇದ್ದರೂ ಪತ್ರ ಬರುವುದು ನಿಂತುಹೋಗುತ್ತದೆ ಎಂಬುದು ಬಹುಕಾಲ ಕೇಳಿಬಂದ ದೂರು. ಇದಕ್ಕೆ ಮದ್ದು ಅಂಥಾ ಕಷ್ಟದ್ದೇನಲ್ಲ. ದಾಖಲೆಯಲ್ಲಿ ಲಿಂಗದ ಜೊತೆಗೆ ಯಾವ ಅಂಗ ಇದೆ ಅಂತ ಬರೆದುಕೊಂಡರಾಯಿತು. ಗರ್ಭಕೋಶ ತೆಗೆಸಿಕೊಂಡ ಎಷ್ಟೋ ಹೆಂಗಸರಿಗೆ ಬೇಡದ ಪತ್ರ ಹೋಗುವುದೂ ಇದರಿಂದ ನಿಲ್ಲುತ್ತದೆ. ಗೆರೆಯ ಹೊರಗಿನವರಿಗೆ ಮಾಡಿದ ರಿಪೇರಿ ಒಳಗಿನವರಿಗೂ ಹೀಗೆ ಉಪಯೋಗಕ್ಕೆ ಬರುತ್ತದೆ.

ರೋಗಿಗಳನ್ನು ಬಿಟ್ಟು ಜನರ ಬಳಿಗೆ ಹೋದವರು

ಮನೋವಿಜ್ಞಾನಕ್ಕೆ ಈ ವಿಷಯದಲ್ಲಿ ಒಂದು ಹಳೇ ಸಾಲ ಇದೆ. ಅಮೆರಿಕದ ಮನೋವೈದ್ಯರ ಸಂಘ 1952ರಲ್ಲಿ ಮೊದಲ ಸಲ ಪ್ರಕಟಿಸಿದ ಮನೋರೋಗಗಳ ಪಟ್ಟಿಯಲ್ಲಿ ಸಲಿಂಗ ಪ್ರೇಮವೂ ಇತ್ತು. ಅದಕ್ಕೆ ಆಧಾರ ಏನು ಅಂದರೆ ಆಸ್ಪತ್ರೆ ಮತ್ತು ಜೈಲುಗಳಲ್ಲಿ ಸಿಕ್ಕ ಸಲಿಂಗಿಗಳನ್ನು ನೋಡಿ ಬರೆದದ್ದು. ಜೈಲಿನಲ್ಲಿ ಸಿಗುವ ಯಾರನ್ನು ನೋಡಿದರೂ ಅವರು ಸುಖವಾಗಿ ಕಾಣುವುದಿಲ್ಲ, ಇದನ್ನು ಹೇಳಲು ಪಿಎಚ್‌ಡಿ ಬೇಕಿಲ್ಲ.

ಎವೆಲಿನ್ ಹೂಕರ್ ಎಂಬ ಮನೋವಿಜ್ಞಾನಿ ಬೇರೆ ದಾರಿ ಹಿಡಿದರು. ಅವರಿಗೆ ಸಲಿಂಗಿ ಸ್ನೇಹಿತರಿದ್ದರು, ಅವರ ಪಾರ್ಟಿಗಳಿಗೆ ಹೋಗಿಬರುತ್ತಿದ್ದರು. ನಮ್ಮಂಥವರನ್ನು ನೀವೇಕೆ ಅಧ್ಯಯನ ಮಾಡಬಾರದು ಅಂತ ಕೇಳಿದ್ದೂ ಆ ಬಳಗವೇ. ಸ್ನೇಹಿತರ ಮೂಲಕ ಮತ್ತು ಮ್ಯಾಟಚೀನ್ ಸೊಸೈಟಿ ಎಂಬ ಸಲಿಂಗಿಗಳ ಸಂಘಟನೆಯ ಮೂಲಕ, ಚಿಕಿತ್ಸೆಗೆ ಹೋಗಿರದ 30 ಸಲಿಂಗಿ ಗಂಡಸರನ್ನು ಹುಡುಕಿದರು. ವಯಸ್ಸು, ಓದು, ಬುದ್ಧಿಮಟ್ಟದಲ್ಲಿ ಅವರಿಗೆ ಹೊಂದುವ 30 ಬೇರೆ ಗಂಡಸರನ್ನು ಆರಿಸಿದರು. ಎಲ್ಲರಿಗೂ, ಮಸಿಯ ಕಲೆ ತೋರಿಸಿ ಇದರಲ್ಲಿ ಏನು ಕಾಣುತ್ತದೆ ಅಂತ ಕೇಳುವ ಪರೀಕ್ಷೆಯಂಥವನ್ನು ಮಾಡಿ, ಹೆಸರು ಗುರುತು ಅಳಿಸಿ ಪರಿಣಿತರ ಮುಂದಿಟ್ಟರು. ಯಾವ ಉತ್ತರ ಸಲಿಂಗಿಯದ್ದು, ಯಾವುದು ಅಲ್ಲ ಅಂತ ಗುರುತಿಸಲು ಆ ಪರಿಣಿತರಿಂದ ಆಗಲಿಲ್ಲ. 1957ರಲ್ಲಿ ಇದು ಪ್ರಕಟವಾಯಿತು. ಇದರಲ್ಲಿ ನನಗೆ ಇಷ್ಟವಾಗುವುದು ಫಲಿತಾಂಶಕ್ಕಿಂತ ಹೂಕರ್ ಜನರನ್ನು ಹುಡುಕಿದ ರೀತಿ. ಸಮುದಾಯದ ಒಳಗೆ ಹೋಗಿ, ಅವರ ನಂಬಿಕೆ ಗಳಿಸಿ ಸಂಶೋಧನೆ ಮಾಡು ಅಂತ ಈಗಿನ ಸಮುದಾಯ ಆರೋಗ್ಯ ಮನೋವಿಜ್ಞಾನ ಹೇಳುವುದನ್ನು ಅವರು ಆಗಲೇ ಮಾಡಿದ್ದರು.

ಆದರೂ ಬರೀ ಸಂಶೋಧನೆಯಿಂದ ಪಟ್ಟಿ ಬದಲಾಗಲಿಲ್ಲ. ಹೋರಾಟಗಾರರು ಮನೋವೈದ್ಯರ ಸಮ್ಮೇಳನಗಳಿಗೇ ನುಗ್ಗಿದರು. 1972ರ ಸಮ್ಮೇಳನದಲ್ಲಿ ಒಬ್ಬ ಮನೋವೈದ್ಯರು ಮುಖವಾಡ ಹಾಕಿಕೊಂಡು, ಧ್ವನಿ ಬದಲಿಸುವ ಮೈಕಿನಲ್ಲಿ ತಾನೂ ಸಲಿಂಗಿ ಎಂದು ಹೇಳಿದರು. ಹೆಸರು ಗೊತ್ತಾದರೆ ಕೆಲಸ ಹೋಗುವ ಭಯ. 1973ರ ಡಿಸೆಂಬರಿನಲ್ಲಿ ಸಂಘ ಸಲಿಂಗ ಪ್ರೇಮವನ್ನು ಪಟ್ಟಿಯಿಂದ ತೆಗೆಯಿತು. ಅದನ್ನು ಒಪ್ಪದ ಸದಸ್ಯರು ಮತದಾನಕ್ಕೆ ಒತ್ತಾಯಿಸಿದರು. 1974ರಲ್ಲಿ ಮತ ಹಾಕಿದವರಲ್ಲಿ 58% ಮಂದಿ ತೆಗೆದದ್ದು ಸರಿ ಎಂದರು. ಒಂದು ರೋಗ ಮತ ಎಣಿಕೆಯಲ್ಲಿ ವಾಸಿಯಾಯಿತು! ಇದನ್ನು ಕೆಲವರು ಅಣಕದ ಮಾತಾಗಿ ಹೇಳುತ್ತಾರೆ. ಕ್ವಿಯರ್ ಥಿಯರಿ ಓದಿದವರು ಇದರಲ್ಲಿ ಅಣಕ ಕಾಣುವುದಿಲ್ಲ, ಅದನ್ನು ರೋಗ ಅಂತ ಸೇರಿಸಿದ್ದೂ ಮನುಷ್ಯರು ಮಾಡಿದ ತೀರ್ಮಾನವೇ ತಾನೆ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಪಟ್ಟಿ ತಿದ್ದಲು 1990ರ ಮೇ 17ರವರೆಗೆ ಕಾಯಿಸಿತು.

ಗಣಿಯ ಗಂಡಸರು

ಇಲ್ಲಿವರೆಗೆ ಓದಿದವರಿಗೆ, ಇದು ಅಲ್ಪಸಂಖ್ಯಾತರ ವಿಷಯ, ಉಳಿದವರಿಗೆ ಇದರಿಂದ ಏನು ಅನ್ನಿಸಬಹುದು. ಅದಕ್ಕೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳ ಉದಾಹರಣೆ ನೋಡಿ. ಸಮುದಾಯ ಆರೋಗ್ಯ ಮನೋವಿಜ್ಞಾನವನ್ನು ಕಟ್ಟಿದವರಲ್ಲಿ ಒಬ್ಬರಾದ ಕ್ಯಾಥರೀನ್ ಕ್ಯಾಂಪ್‌ಬೆಲ್ 1990ರ ದಶಕದಲ್ಲಿ ಅಲ್ಲಿನ ಕಾರ್ಮಿಕರ ಜೊತೆ ಮಾತಾಡಿದರು. ಎಚ್‌ಐವಿ ಹೇಗೆ ಹರಡುತ್ತದೆ ಅಂತ ಅವರಿಗೆ ಗೊತ್ತಿತ್ತು. ಆದರೂ ಕಾಂಡೋಮ್ ಬಳಸುತ್ತಿರಲಿಲ್ಲ. ಯಾಕೆ?

ನೆಲದಾಳದಲ್ಲಿ ಬಂಡೆ ಕುಸಿದು ಸಾಯುವ ಭಯ ಅವರಿಗೆ ದಿನಾ ಇತ್ತು. ಆ ಭಯ ನುಂಗಿಕೊಂಡು ಕೆಳಗಿಳಿಯಬೇಕಾದರೆ ತಮಗೆ ತಾವೇ ಒಂದು ಮಾತು ಹೇಳಿಕೊಳ್ಳುತ್ತಿದ್ದರು: ಗಂಡಸು ಅಂದಮೇಲೆ ಹೆದರಬಾರದು, ಸಂಸಾರ ಸಾಕಬೇಕು. ಆ ಗಂಡಸುತನಕ್ಕೆ ಇನ್ನೊಂದು ಮುಖವೂ ಇತ್ತು. ಗಂಡಸಿಗೆ ಹೆಣ್ಣು ಬೇಕೇ ಬೇಕು, ಅದೂ ಮೈಗೆ ಮೈ ತಾಗುವ ಹಾಗೆ. ಮನೆಯಿಂದ ನೂರಾರು ಕಿಲೋಮೀಟರು ದೂರ, ಗಂಡಸರೇ ತುಂಬಿದ ಹಾಸ್ಟೆಲಿನಲ್ಲಿ ವಾಸ. ಹತ್ತಿರ ಬರುವ ಜೀವ ಅಂದರೆ ಆಸುಪಾಸಿನ ಸೆಕ್ಸ್ ವರ್ಕರ್‌ಗಳು. ಇವತ್ತೇ ಸಾಯಬಹುದು ಅನ್ನುವವನಿಗೆ ಹತ್ತು ವರ್ಷದ ಮೇಲೆ ಕೊಲ್ಲುವ ವೈರಸ್ ದೊಡ್ಡದಾಗಿ ಕಾಣಲಿಲ್ಲ. ಅಪಾಯದ ಕೆಲಸಕ್ಕೆ ಅವರನ್ನು ಹುರಿದುಂಬಿಸಿದ ಗಂಡಸುತನವೇ ರೋಗದ ಬಾಯಿಗೂ ತಳ್ಳಿತು. ಅದರಿಂದ ಗಣಿಗೆ ಲಾಭವೂ ಇತ್ತು.

ಇಲ್ಲಿ ಸಲಿಂಗ ಪ್ರೇಮದ ಮಾತೇ ಇಲ್ಲ. ಆದರೂ ಕ್ವಿಯರ್ ಥಿಯರಿಯ ಪ್ರಶ್ನೆ ಸರಿಯಾಗಿ ಕೂರುತ್ತದೆ: ಗಂಡಸು ಅಂದರೆ ಹೀಗೇ ಅನ್ನುವುದನ್ನು ಯಾವ ಜಾಗ, ಯಾವ ಕೆಲಸ, ಯಾರ ಅನುಕೂಲ ಸೇರಿ ಮಾಡಿದವು? ಹೆಣ್ಣುತನ ಗಂಡಸುತನ ಮಾಡಿ ಮಾಡಿ ಗಟ್ಟಿಯಾಗುತ್ತವೆ ಅನ್ನುವ ಬಟ್ಲರ್ ಮಾತನ್ನು ಓದಿದಾಗ ಅಷ್ಟು ಅರ್ಥವಾಗದವರಿಗೆ ಈ ಗಣಿ ನೋಡಿದರೆ ಅರ್ಥವಾಗುತ್ತದೆ.

ಹೆಸರು ಬೇಕೋ ಬೇಡವೋ

ಈಗ ಜಗಳಕ್ಕೆ ಬರೋಣ. ಎಚ್‌ಐವಿ ಕಾರ್ಯಕ್ರಮಗಳಲ್ಲಿ ಕೆಲಸ ಮಾಡಿದವರಿಗೆಲ್ಲ 'ಎಂಎಸ್‌ಎಂ' ಗೊತ್ತು. ಗಂಡಸರ ಜೊತೆ ಲೈಂಗಿಕ ಸಂಪರ್ಕ ಇರುವ ಗಂಡಸರು ಎಂದು ಅದರ ಅರ್ಥ. 1990ರ ದಶಕದಲ್ಲಿ ಇದು ಚಾಲ್ತಿಗೆ ಬಂತು. ಉದ್ದೇಶ ಒಳ್ಳೆಯದೇ. ತನ್ನನ್ನು ಸಲಿಂಗಿ ಅಂದುಕೊಳ್ಳದ, ಮನೆಯಲ್ಲಿ ಹೆಂಡತಿ ಮಕ್ಕಳಿರುವ ಗಂಡಸೂ ಇನ್ನೊಬ್ಬ ಗಂಡಸಿನ ಜೊತೆ ಮಲಗಿರಬಹುದು. ವೈರಸ್ಸಿಗೆ ಹೆಸರು ಬೇಕಿಲ್ಲ, ಆದ್ದರಿಂದ ಗುರುತು ಬಿಟ್ಟು ಕ್ರಿಯೆ ಹಿಡಿಯೋಣ ಎಂದರು. ರಕ್ತನಿಧಿಯ ಹೊಸ ಫಾರಂ ಮಾಡಿದ್ದೂ ಇದನ್ನೇ ತಾನೆ? ಫುಕೋ ಓದಿದವರು ತಲೆದೂಗಬೇಕಿತ್ತು.

ಆದರೆ 2005ರಲ್ಲಿ ರೆಬೆಕ್ಕಾ ಯಂಗ್ ಮತ್ತು ಇಲಾನ್ ಮೇಯರ್ ಇದಕ್ಕೆ ಗಟ್ಟಿ ಆಕ್ಷೇಪ ಎತ್ತಿದರು. ಜನ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ, ಯಾರ ಜೊತೆ ಒಡನಾಡುತ್ತಾರೆ, ಕಷ್ಟ ಬಂದಾಗ ಯಾರ ಮನೆ ಬಾಗಿಲು ತಟ್ಟುತ್ತಾರೆ ಅನ್ನುವುದೆಲ್ಲ ಆ ಮೂರಕ್ಷರದಲ್ಲಿ ಅಳಿಸಿಹೋಗುತ್ತದೆ. ಟ್ರಾನ್ಸ್ ಹೆಂಗಸರನ್ನೂ ಎಷ್ಟೋ ವರದಿಗಳು 'ಗಂಡಸರು' ಎಂದು ಅದೇ ಲೆಕ್ಕಕ್ಕೆ ತುರುಕಿದವು. ಗುರುತಿನ ಕಾಟದಿಂದ ಬಿಡಿಸಲು ತಂದ ಪದ ಜನರನ್ನು ಬರೀ ದೇಹಗಳನ್ನಾಗಿ ಮಾಡಿತು.

ಹೆಸರಿಗೆ ಎಷ್ಟು ಬಲ ಇದೆ ಅನ್ನುವುದನ್ನು ಏಡ್ಸ್‌ನ ಮೊದಲ ವರ್ಷಗಳೇ ತೋರಿಸಿವೆ. 1983ರಲ್ಲಿ ಡೆನ್ವರ್ ನಗರದ ಸಮ್ಮೇಳನವೊಂದರಲ್ಲಿ ರೋಗ ಇದ್ದವರೇ ವೇದಿಕೆ ಹತ್ತಿದರು. ನಮ್ಮನ್ನು ಬಲಿಪಶುಗಳು ಅನ್ನಬೇಡಿ, ನಾವು ಏಡ್ಸ್ ಇರುವ ಮನುಷ್ಯರು, ನಮ್ಮ ಬಗ್ಗೆ ತೀರ್ಮಾನ ಆಗುವ ಕಡೆ ನಾವೂ ಇರಬೇಕು ಎಂದರು. ಅದೇ ವರ್ಷ ನ್ಯೂಯಾರ್ಕಿನ ಇಬ್ಬರು ಸಲಿಂಗಿ ಗಂಡಸರು ತಮ್ಮ ವೈದ್ಯರ ನೆರವಿನಿಂದ ಒಂದು ಕಿರುಹೊತ್ತಿಗೆ ಬರೆದರು. ಎಚ್‌ಐವಿ ವೈರಸ್ಸೇ ಕಾರಣ ಎಂದು ಇನ್ನೂ ಖಚಿತವಾಗಿರಲಿಲ್ಲ. ಆಗಲೇ ಅವರು ಲೈಂಗಿಕತೆ ನಿಲ್ಲಿಸಿ ಅಂತ ಹೇಳದೆ ಕಾಂಡೋಮ್ ಬಳಸಿ ಎಂದರು, ಯಾವ ಕ್ರಿಯೆಯಲ್ಲಿ ಅಪಾಯ ಎಷ್ಟು ಅಂತ ಬಿಡಿಸಿ ಬರೆದರು. ಸುರಕ್ಷಿತ ಲೈಂಗಿಕತೆ ಎಂದು ಈಗ ಎಲ್ಲರೂ ಪಾಠ ಮಾಡುವ ವಿಷಯಕ್ಕೆ ರೂಪ ಸಿಕ್ಕಿದ್ದು ಇಂಥ ಕಡೆ. ಒಂದೇ ಹೆಸರಿನ ಕೆಳಗೆ ಸೇರಿದ ಜನ ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ.

ಹಾಗಾದರೆ ಹೆಸರು ಇಟ್ಟುಕೊಳ್ಳಬೇಕೋ ಬಿಡಬೇಕೋ? ನನ್ನ ಉತ್ತರ, ಹೆಸರು ಯಾರ ಕೈಯಲ್ಲಿದೆ ಅನ್ನುವುದರ ಮೇಲೆ. ರಕ್ತನಿಧಿಯ ಹೆಸರು ಹೊರಗಿನವರು ಅಂಟಿಸಿದ್ದು, ಡೆನ್ವರಿನದು ಒಳಗಿನವರು ಎತ್ತಿಕೊಂಡದ್ದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರಿಂದ ಜಾರಿಗೆ ತಂದ ಹೊಸ ಪಟ್ಟಿಯಲ್ಲಿ ಇದಕ್ಕೊಂದು ಮಧ್ಯದ ದಾರಿ ಕಾಣುತ್ತದೆ. ಟ್ರಾನ್ಸ್ ಜನರಿಗೆ ಸಂಬಂಧಿಸಿದ ವಿಭಾಗವನ್ನು ಮನೋರೋಗಗಳ ಅಧ್ಯಾಯದಿಂದ ಎತ್ತಿ ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಹಾಕಿದರು. ಪೂರ್ತಿ ತೆಗೆಯಲಿಲ್ಲ. ತೆಗೆದಿದ್ದರೆ ಹಾರ್ಮೋನ್ ಚಿಕಿತ್ಸೆಗೋ ಶಸ್ತ್ರಚಿಕಿತ್ಸೆಗೋ ವಿಮೆ ಹಣ ಕೊಡಲು ಒಂದು ಕೋಡ್ ನಂಬರೇ ಇರುತ್ತಿರಲಿಲ್ಲ. ಕಳಂಕ ಕಡಿಮೆಯಾಗಬೇಕು, ಚಿಕಿತ್ಸೆ ಕೈತಪ್ಪಬಾರದು. ಸಿದ್ಧಾಂತಕ್ಕೆ ಇದು ಪೂರ್ತಿ ಒಗ್ಗದು, ಆಸ್ಪತ್ರೆಯ ಸಾಲಿನಲ್ಲಿ ನಿಂತವರಿಗೆ ಒಗ್ಗುತ್ತದೆ.

ಸಮುದಾಯದ ಒಳಗಿನ ಗೆರೆಗಳೂ ಇವೆ. ಮದುವೆಯಾಗಿ, ಮನೆ ಕಟ್ಟಿ, ಅಕ್ಕಪಕ್ಕದವರಿಗೆ ತೊಂದರೆ ಕೊಡದೆ ಇರುವ 'ಒಳ್ಳೆಯ' ಸಲಿಂಗಿ ಜೋಡಿಗೆ ಬೇಗ ಜಾಗ ಸಿಗುತ್ತದೆ. ಬೀದಿಯಲ್ಲಿ ಮಲಗುವವರು, ಸೆಕ್ಸ್ ವರ್ಕ್ ಮಾಡುವವರು ಹಿಂದೆ ಉಳಿಯುತ್ತಾರೆ. ಲೀಸಾ ಡುಗ್ಗನ್ ಇದಕ್ಕೆ 'ಹೋಮೊನಾರ್ಮಟಿವಿಟಿ' ಎಂದರು. ಸಮುದಾಯದ ಅಭಿಪ್ರಾಯ ಕೇಳಿದ್ದೇವೆ ಅಂತ ವರದಿ ಬರೆಯುವವರು, ಸಭೆಗೆ ಬಂದವರು ಯಾರು, ಬಸ್ ಚಾರ್ಜಿಗೆ ದುಡ್ಡಿಲ್ಲದೆ ಬಾರದವರು ಯಾರು ಅಂತ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಸಿಗರೇಟಿನ ಲೆಕ್ಕ

ಕೊನೆಗೆ ಒಂದೇ ಸಮಸ್ಯೆಯನ್ನು ಬೇರೆ ಬೇರೆ ಕಡೆಯಿಂದ ನೋಡೋಣ. ಸಲಿಂಗಿ, ದ್ವಿಲಿಂಗಿ ಜನರಲ್ಲಿ ಸಿಗರೇಟು ಸೇದುವವರು ಉಳಿದವರಿಗಿಂತ ಜಾಸ್ತಿ ಅಂತ ಹಲವು ದೇಶಗಳ ಸಮೀಕ್ಷೆಗಳು ಹೇಳಿವೆ. ಒಬ್ಬೊಬ್ಬರನ್ನೇ ನೋಡುವ ಮನೋವಿಜ್ಞಾನ, ಅವರಿಗೆ ಬಿಡುವ ಛಲ ತುಂಬೋಣ ಅನ್ನುತ್ತದೆ.

ಇಲಾನ್ ಮೇಯರ್ ಇನ್ನೊಂದು ಉತ್ತರ ಕೊಟ್ಟರು, ಅದಕ್ಕೆ ಅಲ್ಪಸಂಖ್ಯಾತ ಒತ್ತಡ ಎಂದು ಹೆಸರು. ಹೊಡೆತ, ಬೈಗುಳ, ಕೆಲಸ ಸಿಗದಿರುವುದು ಒಂದು ಕಡೆ. ಯಾವಾಗ ಯಾರು ಏನನ್ನುತ್ತಾರೋ ಎಂದು ಸದಾ ಕಾಯುತ್ತಿರುವುದು, ಬಚ್ಚಿಡುವುದು, ತನ್ನ ಮೇಲೆ ತನಗೇ ಹೇಸಿಗೆ ಹುಟ್ಟುವುದು ಇನ್ನೊಂದು ಕಡೆ. ಈ ಭಾರ ಮೈಮನಸ್ಸಿಗೆ ರೋಗ ತರುತ್ತದೆ. ಕಾನೂನು ಕೂಡ ಈ ಭಾರ ಹೆಚ್ಚಿಸಬಲ್ಲದು. ಅಮೆರಿಕದ ಕೆಲವು ರಾಜ್ಯಗಳು 2004ರ ಆಸುಪಾಸಿನಲ್ಲಿ ಸಲಿಂಗ ಮದುವೆಯನ್ನು ಸಂವಿಧಾನದಲ್ಲೇ ನಿಷೇಧಿಸಿದವು. ಮಾರ್ಕ್ ಹ್ಯಾಟ್‌ಜನ್‌ಬ್ಯೂಲರ್ ಮತ್ತು ಜೊತೆಗಾರರು ಮೊದಲಿನ ಮತ್ತು ನಂತರದ ಸಮೀಕ್ಷೆಗಳನ್ನು ಹೋಲಿಸಿದರು. ಆ ರಾಜ್ಯಗಳ ಸಲಿಂಗಿ, ದ್ವಿಲಿಂಗಿ ಜನರಲ್ಲಿ ಖಿನ್ನತೆಯಂಥ ಕಾಯಿಲೆಗಳು ಸುಮಾರು 37% ಏರಿದ್ದವು.

ಇದು ಬೆಲೆಬಾಳುವ ವಿಚಾರ. ಆದರೆ ಇದನ್ನು ಅರ್ಧ ಓದಿದವರು, ಪಾಪ ಇವರೆಲ್ಲ ಒಳಗೆ ಮುರಿದವರು ಅಂದುಕೊಂಡು, ಒತ್ತಡ ತಡೆಯುವುದು ಹೇಗೆ ಅಂತ ಅವರಿಗೇ ತರಬೇತಿ ಕೊಡಲು ಹೊರಡುತ್ತಾರೆ. ಒತ್ತಡ ಕೊಡುವವರಿಗೆ ತರಬೇತಿ ಇಲ್ಲ! ಕ್ವಿಯರ್ ಥಿಯರಿ ತಕರಾರು ಎತ್ತುವುದು ಇಲ್ಲಿ. ಅದು ಮೊದಲು ಕೇಳುವುದು, ಇವರು ಸಿಗರೇಟು ಸೇದುವ ಜಾಗ ಯಾವುದು ಎಂದು. ಬಹಳ ಊರುಗಳಲ್ಲಿ, ಬಹಳ ಕಾಲ, ಸಲಿಂಗಿಗಳು ಪೊಲೀಸರ ಮತ್ತು ಮನೆಯವರ ಕಣ್ಣು ತಪ್ಪಿಸಿ ಸೇರಬಹುದಾಗಿದ್ದ ಜಾಗ ಬಾರ್ ಒಂದೇ. ಸ್ನೇಹ, ಪ್ರೀತಿ, ರಾಜಕೀಯ ಎಲ್ಲ ಹೊಗೆಯ ನಡುವೆಯೇ ನಡೆಯಬೇಕಿತ್ತು. ಆ ಜಾಗದ ಮೇಲೆ ಕಣ್ಣಿಟ್ಟವರೂ ಇದ್ದರು. ಆರ್‌.ಜೆ. ರೆನಾಲ್ಡ್ಸ್ ತಂಬಾಕು ಕಂಪನಿ 1990ರ ದಶಕದ ಮಧ್ಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಲಿಂಗಿಗಳು ಮತ್ತು ಬೀದಿಬದಿಯ ಬಡವರನ್ನು ಗುರಿಯಾಗಿಟ್ಟು ಒಂದು ಮಾರಾಟ ಯೋಜನೆ ಹಾಕಿತ್ತು. ಅದಕ್ಕೆ 'ಪ್ರಾಜೆಕ್ಟ್ ಸ್ಕಮ್' ಎಂದು, ಹೊಲಸು ಎಂಬ ಅರ್ಥ ಬರುವ ಹೆಸರನ್ನೇ ಇಟ್ಟಿದ್ದರು. ಕಂಪನಿಯ ಒಳಗಿನ ಕಾಗದಪತ್ರಗಳು ಹೊರಬಿದ್ದಾಗ ಇದು ಬಯಲಾಯಿತು. ಆಸ್ಪತ್ರೆಗಳಿಗೆ ಕಾಣದ ಸಮುದಾಯ ಸಿಗರೇಟು ಮಾರುವವರಿಗೆ ಚೆನ್ನಾಗಿಯೇ ಕಂಡಿತ್ತು.

ಹೀಗೆ ನೋಡಿದ ಮೇಲೆ ಮಾಡಬೇಕಾದ ಕೆಲಸವೂ ಬದಲಾಗುತ್ತದೆ. ಸಿಗರೇಟು ಬಿಡು ಅನ್ನುವ ಪೋಸ್ಟರು ಓದಿದವನಿಗೆ, ಶನಿವಾರ ರಾತ್ರಿಯ ಬಳಗವನ್ನೇ ಬಿಡು ಅಂತ ಕೇಳಿಸುತ್ತಿರಬಹುದು. ಆದ್ದರಿಂದ ಬಿಡಲು ಹೊರಟವರ ಗುಂಪನ್ನು ಆ ಬಳಗದ ಒಳಗೇ, ಅವರಲ್ಲೇ ಒಬ್ಬರು ನಡೆಸಬೇಕಾಗುತ್ತದೆ. ಹಗಲು ಹೊತ್ತು ಸೇರಲು ಬಾರ್ ಅಲ್ಲದ ಒಂದು ಜಾಗಕ್ಕೆ ಬಾಡಿಗೆ ಹೊಂದಿಸಬೇಕಾಗುತ್ತದೆ. ಸಮುದಾಯದ ಹಬ್ಬ ಮೆರವಣಿಗೆಗಳು ತಂಬಾಕು ಕಂಪನಿಯ ದುಡ್ಡು ಬೇಡ ಎನ್ನಬೇಕಾಗುತ್ತದೆ, ಆ ದುಡ್ಡಿನ ಬದಲು ಬೇರೆ ಎಲ್ಲಿಂದ ತರುವುದು ಅನ್ನುವ ತಲೆನೋವೂ ಜೊತೆಗೆ ಬರುತ್ತದೆ. ನಿಕೋಟಿನ್ ಪ್ಯಾಚ್ ಹಂಚುವ ಕೆಲಸ ಇದೆಲ್ಲದರ ನಡುವೆ ನಡೆಯುತ್ತಲೇ ಇರಬೇಕು, ಯಾಕೆಂದರೆ ಚಟ ದೇಹದ್ದೂ ಹೌದು.